ಹೊಲೊಗ್ರಾಂ: ಮೂಲ ಒಂದು, ಪ್ರತಿ ಲಕ್ಷಾಂತರ

ತುಮಕೂರು: ನಗರದ ಮತದಾರರ ಕಿಸೆಯಲ್ಲಿರುವ ಗುರುತಿನ ಚೀಟಿಯಲ್ಲೂ, ಗುಬ್ಬಿ, ಕುಣಿಗಲ್‌ನ ಮದ್ಯದಂಗಡಿಗಳ ಬಾಟಲಿಗೆ ಅಂಟಿಸಿದ ಅಬಕಾರಿ ಚೀಟಿಯಲ್ಲೂ ಹೊಲೊಗ್ರಾಂ ಮಿನುಗುತ್ತದೆ. ಜೆರಾಕ್ಸ್ ಮಾಡಿದರೆ ಅದು ಬರಿಯ ಮಸುಕು ಕಲೆ. ಹಾಗಿದ್ದರೆ ತಯಾರಕರು ಅದರ ಲಕ್ಷಾಂತರ ಪ್ರತಿಗಳನ್ನು ತೆಗೆಯುವುದು ಹೇಗೆ? ಅವರಿಗೆ ಸಾಧ್ಯವಾದುದು ವಂಚಕರಿಗೆ ಸಾಧ್ಯವಾಗದೆ?

ಛಾಯಾಚಿತ್ರವು ಬೆಳಕಿನ ಪ್ರಖರತೆಯನ್ನಷ್ಟೇ ದಾಖಲಿಸುತ್ತದೆ. ಎರಡು ಲೇಸರ್ ಕಿರಣಗಳು ಸಂಧಿಸಿದಾಗ ಮೂಡುವ ಸೂಕ್ಷ್ಮ ಗೆರೆಗಳ ವಿನ್ಯಾಸವನ್ನು ಹೊಲೊಗ್ರಾಂ ದಾಖಲಿಸುತ್ತದೆ. ಇದರ ತತ್ವವನ್ನು 1947ರಲ್ಲಿ ಕಂಡುಕೊಂಡ ಡೆನಿಸ್ ಗೇಬರ್ ಅವರಿಗೆ 1971ರಲ್ಲಿ ನೊಬೆಲ್ ಸಂದಿತು. ಸಾಮಾನ್ಯ ಬೆಳಕಿನಲ್ಲೇ ಕಾಣುವ ಕಾಮನಬಿಲ್ಲಿನ ಬಗೆಯನ್ನು ಸ್ಟೀಫನ್ ಬೆಂಟನ್ 1968ರಲ್ಲಿ ರೂಪಿಸಿದರು.

ಚೀಟಿಗಳ ಹೊಲೊಗ್ರಾಂ ತಯಾರಾಗುವುದು ಉಬ್ಬಚ್ಚಿನಿಂದ. ಗಾಜಿಗೆ ಬಳಿದ ಫೋಟೊರೆಸಿಸ್ಟ್ ಎಂಬ ಲೇಪದ ಮೇಲೆ ಮೊದಲು ಲೇಸರ್‌ನಿಂದ ವಿನ್ಯಾಸ ಮೂಡಿಸುತ್ತಾರೆ. ರಾಸಾಯನಿಕದಲ್ಲಿ ತೊಳೆದಾಗ ಬೆಳಕು ಬಿದ್ದ ಭಾಗ ಕರಗಿ, ಒಂದು ಮಿಲಿಮೀಟರಿಗೆ ಸಾವಿರದ ಆಸುಪಾಸಿನಷ್ಟು ಏರುತಗ್ಗಿನ ಗೆರೆಗಳು ಉಳಿಯುತ್ತವೆ. ಅದಕ್ಕೆ ತೆಳುವಾಗಿ ಬೆಳ್ಳಿ ಲೇಪಿಸಿ, ವಿದ್ಯುತ್ ಹರಿಸಿ ನಿಕಲ್ ಕೂರಿಸಿ ಬಿಡಿಸಿಕೊಂಡರೆ ಲೋಹದ ಅಚ್ಚು ಸಿದ್ಧ. ಈ ತಾಯಿ ಅಚ್ಚಿನಿಂದ ಮರಿ ಅಚ್ಚುಗಳನ್ನು ತೆಗೆದು, ರೋಲರ್‌ಗೆ ಸುತ್ತಿ, ಶಾಖ ನೀಡಿ ಪ್ಲಾಸ್ಟಿಕ್ ಹಾಳೆಗೆ ಒತ್ತುತ್ತಾರೆ. ಹೊಳಪು ಬರುವುದು ಅಲ್ಯೂಮಿನಿಯಂ ಲೇಪದಿಂದ. ಗ್ರಾಮಫೋನ್ ತಟ್ಟೆ, ಸಿ.ಡಿ.ಗಳು ಅಚ್ಚಾಗುವುದೂ ಹೆಚ್ಚುಕಡಿಮೆ ಹೀಗೆಯೇ. ಪ್ರತಿ ತೆಗೆಯಲು ಮತ್ತೆ ಲೇಸರ್ ಬೇಕಿಲ್ಲವಾದ್ದರಿಂದ ಖರ್ಚು ಕಡಿಮೆ.

ಗೆರೆಗಳು ಮೇಲ್ಮೈಯಲ್ಲಿರದೆ ಪದರದ ಒಳಗೇ ಅಡಗಿರುವ ಇನ್ನೊಂದು ಬಗೆಯೂ ಉಂಟು. ಇದನ್ನು ಒತ್ತಿ ತೆಗೆಯಲಾಗದು. ಮೂಲದ ಮೇಲೆ ಫೋಟೊಪಾಲಿಮರ್ ಹಾಳೆಯನ್ನು ಅಂಟಿದಂತೆ ಇರಿಸಿ ಲೇಸರ್ ಹಾಯಿಸುತ್ತಾರೆ. ಹಾಳೆಯನ್ನು ದಾಟಿದ ಬೆಳಕು ಮೂಲದಿಂದ ಚಿತ್ರವನ್ನು ಹೊತ್ತು ಮರಳುತ್ತದೆ. ಹೋಗುವ, ಮರಳುವ ಕಿರಣಗಳು ಹಾಳೆಯೊಳಗೇ ಸಂಧಿಸಿ ವಿನ್ಯಾಸ ಮರುಮೂಡುತ್ತದೆ. ಈ ನಡುವೆ ಕೂದಲಿನ ದಪ್ಪದ ನೂರರಲ್ಲೊಂದು ಪಾಲು ಅಲುಗಿದರೂ ಚಿತ್ರ ಕೆಟ್ಟಂತೆ.

ಉಬ್ಬಚ್ಚಿನ ಸೌಲಭ್ಯವೇ ಅದರ ದೌರ್ಬಲ್ಯ. ಏರುತಗ್ಗು ಕೈಗೆ ಸಿಕ್ಕರೆ ಅದರಿಂದಲೇ ಮತ್ತೊಂದು ನಿಕಲ್ ಅಚ್ಚು ತೆಗೆಯಬಹುದು. ಆದ್ದರಿಂದಲೇ ರಕ್ಷಣಾ ಪದರ, ಕಿತ್ತರೆ ಚೂರಾಗುವ ಚೀಟಿ, ಕ್ರಮಸಂಖ್ಯೆ ಇತ್ಯಾದಿಗಳನ್ನು ಸೇರಿಸುವ ರೂಢಿಯಿದೆ. ಆದರೆ ವಂಚನೆಗೆ ಇಷ್ಟು ಶ್ರಮವೂ ಬೇಕಿಲ್ಲ; ಕೊಳ್ಳುವವನಿಗೆ ಅವಸರವಿದ್ದರೆ ಬಣ್ಣಬಣ್ಣವಾಗಿ ಹೊಳೆಯುವ ಯಾವುದೋ ಹಾಳೆ ಸಾಕು. ಪರೀಕ್ಷಿಸುವವರು ಟ್ಯೂಬ್‌ಲೈಟ್ ಬಿಟ್ಟು ಬಿಸಿಲಿನಲ್ಲಿ ಅಥವಾ ಒಂಟಿ ಬಲ್ಬಿನಡಿ ಚೀಟಿಯನ್ನು ಓರೆಯಾಗಿಸಿ ನೋಡಬೇಕು. ಹೊಲೊಗ್ರಾಂ ಆದರೆ ಚಿತ್ರ ಸರಿದಂತೆ, ಆಳವಿದ್ದಂತೆ ಕಾಣುತ್ತದೆ. ಬರಿಯ ಹೊಳೆವ ಹಾಳೆಯಲ್ಲಿ ಓಡುವುದು ಬಣ್ಣ ಮಾತ್ರ.