ಎರಡನೆಯ ಹಾರ್ಡ್ ಡಿಸ್ಕೂ ಏಳದ ಗಣಕಯಂತ್ರವೂ

ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ಈ ಶತಮಾನದ ಮೊದಲ ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳ ಗಣಕಯಂತ್ರಗಳನ್ನು ಸೇರಿದಂದಿನಿಂದ, ಮುಳಬಾಗಿಲಿನಂತಹ ಊರುಗಳಲ್ಲಿಯೂ ಆ ಯಂತ್ರವು ಅರ್ಜಿ ಬರೆದುಕೊಡುವವರಿಗೆ, ಜೆರಾಕ್ಸ್ ಅಂಗಡಿಯವರಿಗೆ, ‘ನುಡಿ’ ತಂತ್ರಾಂಶದಲ್ಲಿ ಲಗ್ನಪತ್ರಿಕೆ ಜೋಡಿಸುವ ಡಿ.ಟಿ.ಪಿ.ಯವರಿಗೆ ನಿತ್ಯೋಪಕರಣವಾಗಿ ಪರಿಣಮಿಸಿದೆ. ವರ್ಷಗಳುರುಳಿದಂತೆ ಕಡತಗಳು ಬೆಳೆದು ಸ್ಥಳ ಸಾಲದಾದಾಗ, ಹಳೆಯ ಯಂತ್ರದಿಂದ ಬಿಚ್ಚಿದ ಹಾರ್ಡ್ ಡಿಸ್ಕೊಂದನ್ನು ತಂದು ಇದ್ದ ಡಿಸ್ಕಿನ ಜೊತೆಗೆ ಜೋಡಿಸುವುದು ವಾಡಿಕೆ. ಹಾಗೆ ಜೋಡಿಸಿ ಸ್ವಿಚ್ಚನ್ನೊತ್ತಿದರೆ, ನಿನ್ನೆಯವರೆಗೆ ಸುಸ್ಥಿತಿಯಲ್ಲಿದ್ದ ಯಂತ್ರವು ಕಪ್ಪು ಪರದೆಯ ಮೇಲೆ ‘ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್’ ಎಂಬೊಂದು ಸಾಲನ್ನು ತೋರಿಸಿ ನಿಂತುಬಿಡುವುದುಂಟು. ವಿಂಡೋಸ್ ಕೆಟ್ಟಿತೆಂದು ಬಗೆದು ಒಡನೆಯೇ ಹೊಸದಾಗಿ ಹಾಕಿಸಲು ಹೊರಡುವುದು ಅವಿವೇಕ. ಯಾವುದೂ ಕೆಟ್ಟಿರದ ಸಂಭವವೇ ಅಧಿಕ.

ವಿದ್ಯುತ್ತು ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿ ನೆಲೆಸಿರುವ ಬಯಾಸ್ ಎಂಬ ಕಿರುತಂತ್ರಾಂಶ. ಅದು ರ‍್ಯಾಮ್, ಕೀಲಿಮಣೆ ಮೊದಲಾದವನ್ನು ಪರೀಕ್ಷಿಸಿ, ತನಗೆ ವಿಧಿಸಿರುವ ಅನುಕ್ರಮದಲ್ಲಿ ಡಿಸ್ಕುಗಳನ್ನು ಒಂದಾದಮೇಲೊಂದರಂತೆ ನೋಡುತ್ತದೆ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ, ಅವುಗಳ ಕೊನೆಯೆರಡರಲ್ಲಿ ನಿಯತವಾದ ಗುರುತಿದ್ದರೆ, ಮುಂದಿನ ಅಧಿಕಾರವನ್ನು ಅಲ್ಲಿಯ ಆದೇಶಗಳಿಗೆ ಒಪ್ಪಿಸಿಬಿಡುತ್ತದೆ. ಒಕ್ಕಲು ಬಿಟ್ಟುಹೋದ ಮನೆಯ ಬಾಗಿಲಲ್ಲಿ ಹೆಸರಿನ ಫಲಕ ಉಳಿದಿರುವಂತೆ, ವಿಂಡೋಸ್ ಅಳಿಸಿಹೋದ ಡಿಸ್ಕಿನಲ್ಲಿಯೂ ಆ ಗುರುತು ಉಳಿದಿರಬಹುದು. ಅಂತಹ ಡಿಸ್ಕು ಸಾಲಿನಲ್ಲಿ ಮುಂದೆ ಬಂದರೆ ಪ್ರಾರಂಭವು ಅಲ್ಲಿಯೇ ಸ್ತಂಭಿಸುತ್ತದೆ. ಈಚಿನ ಯು.ಇ.ಎಫ್.ಐ. ಪದ್ಧತಿಯು ಪ್ರತ್ಯೇಕವಾದೊಂದು ಸಣ್ಣ ವಿಭಾಗದೊಳಗಿನ ಬೂಟ್ ಕಡತವನ್ನು ಹುಡುಕುತ್ತದೆಯಾದರೂ, ಅನುಕ್ರಮದ ನಿಯಮ ಅಲ್ಲಿಯೂ ತಪ್ಪದು.

ಆದುದರಿಂದ ಪರಿಹಾರವು ಮಾಡಿದ್ದನ್ನು ಬಿಚ್ಚುವುದರಿಂದಲೇ ಆರಂಭವಾಗತಕ್ಕದ್ದು. ಗೋಡೆಯ ಪ್ಲಗ್ಗನ್ನು ಕಿತ್ತು, ಎರಡನೆಯ ಡಿಸ್ಕಿನ ಡೇಟಾ ಕೇಬಲನ್ನೂ ಪವರ್ ಕೇಬಲನ್ನೂ ತೆಗೆದು ನೋಡಬೇಕು. ಯಂತ್ರವು ಎದ್ದರೆ ಮೊದಲಿನ ಡಿಸ್ಕು ನಿರ್ದೋಷಿ. ಏಳದಿದ್ದರೆ, ಒಳಗೆ ಕೈಯಾಡಿಸುವಾಗ ಮೊದಲಿನ ಡಿಸ್ಕಿನದೇ ಕೇಬಲು ಸಡಿಲವಾಯಿತೇ ಎಂದು ಪರೀಕ್ಷಿಸಬೇಕು; ಸಾಟಾ ಕೇಬಲಿನ ತುದಿ ಅರ್ಧ ಕೂತಿದ್ದರೂ ಹೊರಗಿನಿಂದ ಸರಿಯಾಗಿರುವಂತೆಯೇ ತೋರುತ್ತದೆ. ಅಗಲವಾದ ಪಟ್ಟಿಕೇಬಲಿನ ಐ.ಡಿ.ಇ. ಡಿಸ್ಕುಗಳಾದರೆ, ಒಂದೇ ಕೇಬಲಿನ ಎರಡಕ್ಕೂ ಜಂಪರು ‘ಮಾಸ್ಟರ್’ ಸ್ಥಾನದಲ್ಲಿರಕೂಡದು. ಎರಡನೆಯದನ್ನು ‘ಸ್ಲೇವ್’ ಮಾಡತಕ್ಕದ್ದು.

ಅನಂತರ ಎರಡನೆಯ ಡಿಸ್ಕನ್ನು ಮರಳಿ ಜೋಡಿಸಿ, ಯಂತ್ರ ಏಳುವಾಗ ‘ಡಿಲೀಟ್’ ಅಥವಾ ‘ಎಫ್2’ ಕೀಲಿಯನ್ನು ಒತ್ತುತ್ತಿದ್ದರೆ ಅನೇಕ ಯಂತ್ರಗಳಲ್ಲಿ ಬಯಾಸ್ ಪರದೆ ತೆರೆಯುತ್ತದೆ. ಅಲ್ಲಿ ‘ಬೂಟ್’ ಎಂಬ ಭಾಗದಲ್ಲಿ ವಿಂಡೋಸ್ ಇರುವ ಡಿಸ್ಕನ್ನು ಮೊದಲನೆಯದಾಗಿಸಿ ಉಳಿಸಿದರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತದೆ. ಮರುದಿನ ದಿನಾಂಕದೊಡನೆ ಈ ಅನುಕ್ರಮವೂ ಅಳಿದಿದ್ದರೆ, ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ಬಿಲ್ಲೆ ಬ್ಯಾಟರಿಯನ್ನು ಬದಲಿಸಬೇಕು.

ಯಂತ್ರವು ಎದ್ದಮೇಲೆ ಇನ್ನೊಂದು ಅಪಾಯ ಕಾದಿರುತ್ತದೆ. ಎರಡನೆಯ ಡಿಸ್ಕನ್ನು ಗುರುತಿಸಲಾರದೆ ವಿಂಡೋಸ್ ಕೆಲವೊಮ್ಮೆ ‘ಫಾರ್ಮ್ಯಾಟ್’ ಮಾಡಲೇ ಎಂದು ಕೇಳುತ್ತದೆ. ಅದರಲ್ಲಿ ಬೇಕಾದ ಕಡತಗಳಿದ್ದರೆ ಒಪ್ಪಲಾಗದು. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಪ್ರಯೋಗಗಳನ್ನು ನಿಲ್ಲಿಸಿ ಬಲ್ಲವರಿಗೆ ಒಪ್ಪಿಸುವುದೇ ಕ್ಷೇಮ.

ಓದುಗರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಕವಚದ ತಿರುಪನ್ನು ಬಿಚ್ಚುವ ಮುನ್ನವೇ ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ; ಯಂತ್ರದಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ; ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ.