ಮರುಭೂಮಿಯಲ್ಲಿ ನಿವೃತ್ತಿ: ಬಿಸಿಲಿಗೂ ಬೇಕು ಬಜೆಟ್

ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿ ಫೀನಿಕ್ಸ್. ಸೊನೋರಾ ಮರುಭೂಮಿಯ ಈ ಮಹಾನಗರದ ಮಗ್ಗುಲಲ್ಲೇ 1960ರ ಜನವರಿ 1ರಂದು ನಿವೃತ್ತರಿಗೆಂದೇ 'ಸನ್ ಸಿಟಿ' ಎಂಬ ಊರು ಬಾಗಿಲು ತೆರೆಯಿತು. ಹಿಮ ಸುರಿಯುವ ರಾಜ್ಯಗಳ ಹಿರಿಯರು ಬೆಚ್ಚನೆಯ ಚಳಿಗಾಲವನ್ನು ಅರಸಿ ಬಂದರು. ಸಾಮಾಜಿಕ ಭದ್ರತಾ ಪಿಂಚಣಿಗೆ ಇಲ್ಲಿ ರಾಜ್ಯದ ಆದಾಯ ತೆರಿಗೆಯೂ ಇಲ್ಲ.

ಆದರೆ ಚಳಿಗಾಲ ಕಳೆದ ಮೇಲೆ ಬೇಸಿಗೆ ಬರಲೇಬೇಕಲ್ಲ! 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ವರ್ಷ ನಗರವಿರುವ ಮ್ಯಾರಿಕೋಪಾ ಕೌಂಟಿಯಲ್ಲಿ ಶಾಖದ ಕಾರಣಕ್ಕೆ ಸತ್ತವರು 645 ಮಂದಿ. ಅಲ್ಲಿ ಏರ್ ಕಂಡೀಷನರ್ ಐಷಾರಾಮವಲ್ಲ, ಔಷಧಿಯಷ್ಟೇ ಅಗತ್ಯ.

ಲೆಕ್ಕ ತಪ್ಪುವುದು ಇಲ್ಲೇ. ಎಂಟು ತಿಂಗಳು ವಿದ್ಯುತ್ ಬಿಲ್ಲು 100 ಡಾಲರ್, ಬೇಸಿಗೆಯ ನಾಲ್ಕು ತಿಂಗಳು 300 ಡಾಲರ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,000, ತಿಂಗಳಿಗೆ ಸುಮಾರು 167. ಜನವರಿಯ ಬಿಲ್ಲನ್ನೇ ನಂಬಿ 100 ಡಾಲರ್ ಮಾತ್ರ ತೆಗೆದಿಟ್ಟವರು ಜುಲೈನಲ್ಲಿ ಪರದಾಡುತ್ತಾರೆ. ತಂಪು ತಿಂಗಳುಗಳಲ್ಲಿ ಮಿಕ್ಕ 67 ಡಾಲರನ್ನು ಕೂಡಿಟ್ಟವರು ನಿಶ್ಚಿಂತರು.

ಇದು ಬರಿಯ ಗಣಿತವಲ್ಲ. 2018ರಲ್ಲಿ ಕೇವಲ 51 ಡಾಲರ್ ಬಾಕಿಗಾಗಿ ವಿದ್ಯುತ್ ಸಂಪರ್ಕ ಕಡಿದಾಗ ಅರಿಜೋನಾದ ಒಬ್ಬ ವೃದ್ಧೆ ಶಾಖಕ್ಕೆ ಬಲಿಯಾದರು. ಸುದ್ದಿ ಹೊರಬಿದ್ದ ಮೇಲೆ, 2019ರಲ್ಲಿ ರಾಜ್ಯದ ನಿಯಂತ್ರಣ ಆಯೋಗವು ಬೇಸಿಗೆಯಲ್ಲಿ ಬಾಕಿಗಾಗಿ ಸಂಪರ್ಕ ಕಡಿಯದಂತೆ ತನ್ನ ವ್ಯಾಪ್ತಿಯ ಕಂಪನಿಗಳನ್ನು ತಡೆಯಿತು. ಆದರೆ ಬಾಕಿ ಮನ್ನಾ ಆಗಲಿಲ್ಲ. ಕಟ್ಟುವ ದಿನ ಮುಂದೆ ಹೋಯಿತು, ಅಷ್ಟೆ.

ವಿದ್ಯಾರ್ಥಿಗಳು ತಮ್ಮ ಮನೆಯ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೂಡಿ, ಹನ್ನೆರಡರಿಂದ ಭಾಗಿಸಿ ಅಪ್ಪ ಅಮ್ಮನಿಗೆ ತೋರಿಸಲಿ. ಸರಾಸರಿಯ ಪಾಠ ಪರೀಕ್ಷೆಗಷ್ಟೇ ಅಲ್ಲ, ಮುಪ್ಪಿಗೂ ಬೇಕು.