ಹುಲಿ ಕುಣಿದದ್ದು ಮೂವತ್ತು ಸೆಕೆಂಡಲ್ಲ

ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಗರುಡ ಗಮನ ವೃಷಭ ವಾಹನ’ 2022ರ ಜನವರಿ 13ರಂದು ಝೀ5 ಮೂಲಕ ಮನೆಮನೆಗೆ ಬಂತು. ಮರುದಿನ ಸಂಕ್ರಾಂತಿ. ಅದೇ ಶುಕ್ರವಾರ ರಾತ್ರಿಯಿಂದ ವಾರಾಂತ್ಯದ ಕರ್ಫ್ಯೂ. ಎಳ್ಳು ಬೀರುವವರು ಪಕ್ಕದ ಎರಡು ಮನೆ ಮುಗಿಸಿ ವಾಪಸ್ಸು ಬಂದುಬಿಟ್ಟರು. ಚಾಮುಂಡಿ ಬೆಟ್ಟಕ್ಕೆ ಹೋಗುವ ಹಾಗಿಲ್ಲ, ಕಾರಂಜಿ ಕೆರೆ ಕಡೆ ಸುಳಿಯುವ ಹಾಗಿಲ್ಲ. ಹಾಗಾಗಿ ನನಗೆ ಗೊತ್ತಿರುವ ಹುಡುಗರೆಲ್ಲ ಆ ಎರಡು ದಿನ ಮಾಡಿದ್ದು ಒಂದೇ ಕೆಲಸ: ಹರಿ ಮತ್ತು ಶಿವನ ಕಥೆ ನೋಡಿದ್ದು. ಕೆಲವರು ಎರಡನೇ ಸಲ, ನಾನು ಮೂರನೇ ಸಲ.

ಚಿತ್ರಮಂದಿರದಲ್ಲಿ ಇದು ಬಿಡುಗಡೆಯಾದದ್ದು 2021ರ ನವೆಂಬರ್ 19ಕ್ಕೆ. ಅಪ್ಪು ಹೋಗಿ ಸರಿಯಾಗಿ ಮೂರು ವಾರ. ಟಿಕೆಟ್ ಕೌಂಟರ್ ಪಕ್ಕ ಪುನೀತ್ ಅವರ ದೊಡ್ಡ ಚಿತ್ರಕ್ಕೆ ಹಾರ ಹಾಕಿತ್ತು, ಒಳಗೆ ಹೋಗುವವರು ಒಂದು ಕ್ಷಣ ನಿಂತು ಹೋಗುತ್ತಿದ್ದರು. ಅಂಥ ದಿನಗಳಲ್ಲೂ ಜನ ಬಂದರು. ಹಿಂದಿನ ವರ್ಷವೇ ಶಾಂತಲ ಚಿತ್ರಮಂದಿರ ಬಾಗಿಲು ಮುಚ್ಚಿದ್ದನ್ನು ನೋಡಿದ ಊರು ನಮ್ಮದು. ಕನ್ನಡ ಸಿನಿಮಾಕ್ಕೆ ಸೀಟು ತುಂಬಿದ್ದು ಕಂಡರೆ ಹೊಟ್ಟೆ ತಣ್ಣಗಾಗುತ್ತದೆ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಮಂಗಳೂರಿನ ಮಂಗಳಾದೇವಿ. ಹರಿ (ರಿಷಬ್ ಶೆಟ್ಟಿ) ಮತ್ತು ಶಿವ (ರಾಜ್ ಶೆಟ್ಟಿ) ಒಂದೇ ಮನೆಯಲ್ಲಿ ಬೆಳೆದ ಗೆಳೆಯರು. ಹರಿಗೆ ಲೆಕ್ಕಾಚಾರ ಗೊತ್ತು, ಶಿವನಿಗೆ ಹರಿ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಹರಿಗೆ ನೋವಾದರೆ ಶಿವ ಸುಮ್ಮನಿರುವವನಲ್ಲ. ಸಣ್ಣ ಜಗಳಕ್ಕೆ ಒಂದು ಸೇಡು, ಆ ಸೇಡಿಗೆ ಇನ್ನೊಂದು, ಹೀಗೆ ಊರೇ ಇವರ ಕೈಗೆ ಬರುತ್ತದೆ. ಮೂರನೆಯವನು ಪೊಲೀಸ್ ಬ್ರಹ್ಮಯ್ಯ (ಗೋಪಾಲಕೃಷ್ಣ ದೇಶಪಾಂಡೆ). ಇವನು ನಮ್ಮ ಸಿನಿಮಾಗಳ ಮೀಸೆ ತಿರುವುವ ಪೊಲೀಸ್ ಅಲ್ಲ. ಭಯ, ಸುಸ್ತು, ಮೇಲಿನವರ ಒತ್ತಡ ಎಲ್ಲ ಸೇರಿ ಕುಗ್ಗಿಹೋದ ಮನುಷ್ಯ. ಬ್ರಹ್ಮ, ವಿಷ್ಣು, ಮಹೇಶ್ವರ ಮೂವರೂ ಹೆಸರಲ್ಲೇ ಇದ್ದಾರೆ. ಕೊನೆಗೆ ಏನಾಗುತ್ತದೆ ಎನ್ನುವುದನ್ನು ನಾನು ಹೇಳುವುದಿಲ್ಲ.

ಈಗ ಮನೆಗೆ ಬಂದ ಆವೃತ್ತಿಯ ವಿಷಯ. ಚಿತ್ರ ಸ್ವಚ್ಛವಾಗಿದೆ. ಛಾಯಾಗ್ರಹಣ, ಸಂಕಲನ ಎರಡೂ ಪ್ರವೀಣ್ ಶ್ರಿಯಾನ್ ಅವರದು, ಮತ್ತು ಅದು ಮನೆಯ ಪರದೆಯಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ದೂರದಲ್ಲಿ ಕ್ಯಾಮೆರಾ ಇಟ್ಟು, ಹೊಡೆದಾಟ ನಡೆಯುವಾಗಲೂ ಅಲುಗಾಡದೆ ನೋಡುತ್ತ ಕೂರುವ ರೀತಿ ಅವರದು. ಆದರೆ ಹಗಲಲ್ಲಿ ಮೊಬೈಲ್ ಹಿಡಿದು ನೋಡುವವರಿಗೆ ಅದರಲ್ಲಿ ಅರ್ಧ ದಕ್ಕುವುದಿಲ್ಲ. ರಾತ್ರಿಯ ದೃಶ್ಯಗಳು ಬಂದಾಗ ಪರದೆಯಲ್ಲಿ ಕಾಣುವುದು ನಮ್ಮದೇ ಮುಖ. ಶಬ್ದದ ಕಥೆ ಇನ್ನೊಂದು. ಮಿಥುನ್ ಮುಕುಂದನ್ ಅವರ ಸಂಗೀತದಲ್ಲಿ ಮೌನಕ್ಕೂ ಒಂದು ಅಳತೆ ಇದೆ. ಮಾತು ಪಿಸುಗುಟ್ಟಿದಂತೆ, ಅದರ ಹಿಂದೆಯೇ ತಾಸೆಯ ಸಿಡಿಲು. ಟೀವಿಯಲ್ಲಿ ನೋಡುವಾಗ ರಿಮೋಟ್ ಕೆಳಗಿಡುವ ಹಾಗೇ ಇಲ್ಲ. ಮಾತಿಗೆ ಏರಿಸು, ತಾಸೆಗೆ ಇಳಿಸು. ಇಯರ್‌ಫೋನ್ ಹಾಕಿದರೆ ಎಲ್ಲ ಸರಿಹೋಗುತ್ತದೆ, ಆದರೆ ಒಂದು ಮನೆಯ ನಾಲ್ಕು ಜನ ಒಂದು ಇಯರ್‌ಫೋನ್ ಹಾಕಿಕೊಳ್ಳುವುದು ಹೇಗೆ?

ಸಬ್‌ಟೈಟಲ್ ಇಂಗ್ಲಿಷಿನಲ್ಲಿದೆ. ಹೊರರಾಜ್ಯದವರು ಈ ಚಿತ್ರ ನೋಡಿ ಮೆಚ್ಚಲು ಅದೇ ಕಾರಣ, ಸಂತೋಷ. ಆದರೆ ಮಂಗಳೂರು ಕನ್ನಡದ ವೇಗಕ್ಕೆ, ನಡುವೆ ಬರುವ ತುಳುವಿಗೆ ನಮ್ಮ ಮೈಸೂರಿನ ಕಿವಿ ಅಲ್ಲಲ್ಲಿ ತಡವರಿಸುತ್ತದೆ. ಆಗ ನಾನು ಇಂಗ್ಲಿಷ್ ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾಯಿತು! ಕನ್ನಡ ಚಿತ್ರಗಳಿಗೆ ಕನ್ನಡದಲ್ಲೇ ಸಬ್‌ಟೈಟಲ್ ಕೊಡುವುದು ಓಟಿಟಿಗಳಲ್ಲಿ ಅಪರೂಪ. ಕಿವಿ ಕೇಳದ ಕನ್ನಡಿಗರೂ ಇದ್ದಾರೆ, ಅವರಿಗೂ ಸಿನಿಮಾ ಬೇಕು ಅನ್ನುವುದು ಯಾರಿಗೂ ಹೊಳೆದ ಹಾಗಿಲ್ಲ.

ಮನೆಯಲ್ಲಿ ಸಿನಿಮಾ ನೋಡುವುದು ಹೊಸದೇನಲ್ಲ. ನನ್ನ ಸೋದರಮಾವ ಎಂಬತ್ತರ ದಶಕದ ಕಥೆ ಹೇಳುತ್ತಾರೆ: ಬೀದಿಯವರೆಲ್ಲ ದುಡ್ಡು ಸೇರಿಸಿ ಟೀವಿ, ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಕ್ಯಾಸೆಟ್ ಹಾಕುತ್ತಿದ್ದರಂತೆ. ಆಮೇಲೆ ವಿಸಿಡಿ ಬಂತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿತು. ಮಾವನ ಬೀರುವಿನಲ್ಲಿ ಅಂಥವು ಇನ್ನೂ ಇವೆ. ಅವುಗಳ ನಡುವೆ ‘ಅಂತ’ ಕೂಡ ಇದೆ. ಒಂದು ವಿಸಿಡಿಯಲ್ಲಿ ಎಂಬತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಸುವುದಿಲ್ಲ, ಆದ್ದರಿಂದ ಅಂಬರೀಶ್ ಕಷ್ಟದಲ್ಲಿರುವಾಗಲೇ ಎದ್ದು ಡಿಸ್ಕ್ ಬದಲಿಸಬೇಕು.

‘ಅಂತ’ದ ಮಾತು ಸುಮ್ಮನೆ ಎತ್ತಲಿಲ್ಲ. 1981ರ ಆ ಚಿತ್ರದ ನಿರ್ದೇಶಕ ರಾಜೇಂದ್ರಸಿಂಗ್ ಬಾಬು ನಮ್ಮೂರಿನ ಮಹಾತ್ಮ ಪಿಕ್ಚರ್ಸ್‌ನ ಶಂಕರ್‌ಸಿಂಗ್ ಅವರ ಮಗ. ‘ಸುಧಾ’ದಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿ ಅದಕ್ಕೆ ಮೂಲ. ಅದರಲ್ಲೂ ಹಿಂಸೆ ಇದೆ, ಅದೂ ಆ ಕಾಲಕ್ಕೆ ಗದ್ದಲ ಎಬ್ಬಿಸುವಷ್ಟು. ಆದರೆ ಅಲ್ಲಿ ಸೇಡಿನ ದಾರಿ ನೇರ. ಇನ್‌ಸ್ಪೆಕ್ಟರ್ ಸುಶೀಲ್‌ಕುಮಾರ್‌ಗೆ ಯಾರು ಏನು ಮಾಡಿದರು ಎಂದು ನಾವು ಕಣ್ಣಾರೆ ನೋಡಿರುತ್ತೇವೆ, ಅವನ ಸಿಟ್ಟು ನಮ್ಮದೂ ಆಗುತ್ತದೆ. ಅಮ್ಮ ‘ಅಂತ’ ನೋಡುವಾಗ ‘ಹೊಡಿ ಹೊಡಿ, ಬಿಡಬೇಡ’ ಅನ್ನುತ್ತಾರೆ. ಶಿವನ ವಿಷಯಕ್ಕೆ ಹಾಗೆ ಅನ್ನಲಿಲ್ಲ.

ಚಿತ್ರಮಂದಿರದಲ್ಲಿ ಆದದ್ದೇ ಬೇರೆ. ಕೊಲೆ ಮಾಡಿ ಬಂದ ಶಿವ ಹುಲಿವೇಷದ ಹೆಜ್ಜೆ ಹಾಕುತ್ತಾನಲ್ಲ, ಆ ದೃಶ್ಯಕ್ಕೆ ನನ್ನ ಹಿಂದಿನ ಸಾಲು ಎದ್ದು ನಿಂತಿತು. ಶಿಳ್ಳೆ, ಕೂಗು. ನಾನೂ ಶಿಳ್ಳೆ ಹಾಕಿದೆ, ಯಾಕೆಂದರೆ ಆ ದೃಶ್ಯಕ್ಕೆ ಆ ಶಕ್ತಿ ಇದೆ. ನವರಾತ್ರಿಯಲ್ಲಿ ದೇವಿಗೆ ಹರಕೆ ಹೊತ್ತು ಕುಣಿಯುವ ಪಿಲಿವೇಷ ಅದು. ಮಂಗಳೂರಿಗೆ ಹೆಸರು ಕೊಟ್ಟ ದೇವಿಯ ಊರಿನಲ್ಲಿ ಬಣ್ಣ ಬಳಿದುಕೊಳ್ಳದೆಯೇ ಒಬ್ಬ ಮನುಷ್ಯ ಹುಲಿಯಾಗುತ್ತಾನೆ. ರಾಜ್ ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ಯ ಆ ಪಾಪದ ಮೇಷ್ಟ್ರು ಎಂದು ನಂಬುವುದಕ್ಕೇ ಆಗುವುದಿಲ್ಲ. ನೂರಾರು ಜನ ಕತ್ತಲೆಯಲ್ಲಿ ಒಟ್ಟಿಗೆ ಉಸಿರು ಬಿಡುವಾಗ ಸತ್ತವನ ನೆನಪು ಯಾರಿಗೂ ಇರುವುದಿಲ್ಲ.

ಮನೆಯಲ್ಲಿ ಅದೇ ದೃಶ್ಯ ಬಂದಾಗ ಹಾಲ್‌ನಲ್ಲಿ ಇದ್ದದ್ದು ನಾನು, ಅಮ್ಮ, ಮತ್ತು ದಿವಾನದ ಮೇಲೆ ಮಲಗಿದ್ದ ಅಜ್ಜಿ. ಅಜ್ಜಿಗೆ ನಿದ್ದೆ ಹತ್ತಿದೆ ಎಂದುಕೊಂಡಿದ್ದೆವು. ಹಿನ್ನೆಲೆಯಲ್ಲಿ ಚೈತ್ರಾ ಜೆ. ಆಚಾರ್ ದನಿಯಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಶುರುವಾಯಿತು. ಅಜ್ಜಿ ಎದ್ದು ಕೂತರು.

‘ಇದು ಮಾದಪ್ಪನ ಹಾಡಲ್ವೇನೋ? ಇವ್ನ್ಯಾಕೆ ಹಿಂಗೆ ಕುಣೀತಾವ್ನೆ?’

ಆ ಪ್ರಶ್ನೆ ಚಿತ್ರಮಂದಿರದಲ್ಲಿ ಕೇಳಲು ಸಾಧ್ಯವೇ ಇರಲಿಲ್ಲ. ಅನನ್ಯಾ ಭಟ್ ಹಾಡಿದ ಮೇಲೆ ನನ್ನ ವಯಸ್ಸಿನವರೆಲ್ಲರ ಮೊಬೈಲಿಗೆ ಬಂದ ಹಾಡು ಅದು. ಅದಕ್ಕಿಂತ ಎಷ್ಟೋ ಮೊದಲಿನಿಂದ ಅಜ್ಜಿಯಂಥವರ ಬಾಯಲ್ಲಿದ್ದದ್ದು. ಬೆಟ್ಟಕ್ಕೆ ಹೋಗುವ ಪರಿಷೆಯವರ, ಕಂಸಾಳೆಯವರ ಮಾದೇವ ಅವನು. ಮಲೆ ಮಹದೇಶ್ವರ ಬೆಟ್ಟದ ಕಡೆಯ ಭಕ್ತಿಯ ಹಾಡನ್ನು ಮಂಗಳಾದೇವಿಯ ಕೊಲೆಗಾರನ ಹೆಜ್ಜೆಗೆ ಕಟ್ಟಿದ್ದು ಧೈರ್ಯದ ಕೆಲಸ. ದೊಡ್ಡ ಪರದೆಯಲ್ಲಿ ನನಗೆ ಅದು ಶಿವನನ್ನು ದೇವರ ಎತ್ತರಕ್ಕೆ ಏರಿಸಿದ ಹಾಗೆ ಕಂಡಿತ್ತು. ಅಜ್ಜಿ ಕೇಳಿದ ಮೇಲೆ ದೃಶ್ಯವನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದೆ. ಹಾಡು ಮೆತ್ತಗಿದೆ, ತಾಯಿ ಮಗುವಿಗೆ ಹಾಡಿದಷ್ಟು ಮೆತ್ತಗೆ. ಕುಣಿಯುವವನು ಮಾತ್ರ ಯಾರ ಕೈಗೂ ಸಿಗದ ಹಾಗೆ ಆಗಿಬಿಟ್ಟಿದ್ದಾನೆ. ಆ ಎರಡೂ ಒಂದಕ್ಕೊಂದು ಒಗ್ಗುವುದಿಲ್ಲ, ಒಗ್ಗಬಾರದೆಂದೇ ಇಟ್ಟಿದ್ದಾರೆ ಅನ್ನಿಸಿತು. ಅದು ಹೊಗಳಿಕೆಯಲ್ಲ, ಮರುಕ ಇರಬಹುದು.

ಅಮ್ಮ ಕೇಳಿದ್ದು ಇನ್ನೂ ಸರಳ. ‘ಸತ್ತನಲ್ಲ ಆ ಹುಡ್ಗ, ಅವ್ನ ಅಮ್ಮನ್ನ ಒಂದ್ಸಲನಾದ್ರೂ ತೋರಿಸ್ತಾರೇನೋ?’ ಈ ಚಿತ್ರದಲ್ಲಿ ಹೆಂಗಸರಿಗೆ ಜಾಗ ಬಹಳ ಕಡಿಮೆ. ಅದನ್ನು ಕೊರತೆ ಎಂದೇ ನಾನು ಎಣಿಸುತ್ತೇನೆ. ಗಂಡಸರ ಲೋಕದ ಕಥೆ, ಆದ್ದರಿಂದ ಹಾಗಿದೆ ಎಂದು ಗೆಳೆಯರು ವಾದಿಸುತ್ತಾರೆ. ಆದರೆ ಗಂಡಸರು ಹೊಡೆದಾಡಿ ಸತ್ತರೆ ಶವ ಬರುವುದು ಮನೆಗೇ ತಾನೇ?

ಇಷ್ಟೆಲ್ಲ ಬರೆಯಲು ಕಾರಣ ಬೇರೆಯೇ ಇದೆ. ಮನೆಗೆ ಬಂದ ಸಿನಿಮಾ ಮನೆಯಲ್ಲೇ ಉಳಿಯುವುದಿಲ್ಲ, ಜೇಬಿಗೆ ಹೋಗುತ್ತದೆ. ಓಟಿಟಿಗೆ ಬಂದ ಎರಡನೇ ದಿನವೇ ಆ ಹುಲಿಕುಣಿತವನ್ನು ಯಾರೋ ಕತ್ತರಿಸಿ ಹಂಚಿದರು. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಆಗ 30 ಸೆಕೆಂಡ್ ಮಿತಿ ಇತ್ತು. ಅಷ್ಟಕ್ಕೆ ಸರಿಯಾಗಿ ಕೊಯ್ದಿದ್ದಾರೆ. ಅದಕ್ಕೆ ಮುಂಚಿನ ರಕ್ತ ಇಲ್ಲ, ಆಮೇಲಿನ ಏನೂ ಇಲ್ಲ. ಹೆಜ್ಜೆ ಮಾತ್ರ. ಕ್ಯಾಸೆಟ್ಟಿನಿಂದ, ವಿಸಿಡಿಯಿಂದ ಹೀಗೆ ಒಂದು ತುಂಡನ್ನು ಕಿತ್ತು ಎದೆಗೆ ಅಂಟಿಸಿಕೊಂಡು ತಿರುಗಲು ಮಾವನ ಕಾಲದವರಿಗೆ ಆಗುತ್ತಿರಲಿಲ್ಲ. ಇಡೀ ಸಿನಿಮಾ ನೋಡಲೇಬೇಕಿತ್ತು, ಡಿಸ್ಕ್ ಬದಲಿಸಿಕೊಂಡಾದರೂ.

ನಮ್ಮ ಬಡಾವಣೆಯ ಮೈದಾನದಲ್ಲಿ ಎರಡು ಕ್ರಿಕೆಟ್ ಗುಂಪುಗಳಿವೆ. ಒಂದು ಎಲ್‌ಬಿಡಬ್ಲ್ಯೂ ವಿಷಯಕ್ಕೆ ಕೂಗಾಟವಾಗಿ, ಕಾಲರ್ ಹಿಡಿದು, ಬಿಡಿಸಿ ಕಳಿಸಿದ್ದಾಗಿತ್ತು. ಅಂದು ರಾತ್ರಿ ಒಂದು ಗುಂಪಿನ ಐದಾರು ಹುಡುಗರ ಸ್ಟೇಟಸ್ಸಿನಲ್ಲಿ ಅದೇ 30 ಸೆಕೆಂಡ್, ಕೆಳಗೆ ‘ನಾಳೆ ಸಿಗು’ ಅಂತ ಒಂದು ಸಾಲು. ಇನ್ನೊಂದು ಗುಂಪಿನವರೂ ಹಾಕಿದರು. ಹಾಕಿದ್ದು ಅದೇ ಕುಣಿತ! ಇಬ್ಬರೂ ಶಿವನೇ, ಇಬ್ಬರಿಗೂ ಎದುರಿನವನು ಹೆಸರಿಲ್ಲದ ಆ ಸತ್ತವನು. ಮರುದಿನ ಏನೂ ಆಗಲಿಲ್ಲ. ಕರ್ಫ್ಯೂ ಇತ್ತು, ಮೈದಾನ ಖಾಲಿ. ಕರ್ಫ್ಯೂ ಇರದಿದ್ದರೆ ಎಂದು ಯೋಚಿಸುವುದು ಬೇಡ ಅನ್ನಿಸುತ್ತದೆ, ಆದರೂ ಯೋಚನೆ ಬರುತ್ತದೆ. ಅವರೆಲ್ಲ ಪಿಯುಸಿ ಹುಡುಗರು. ಬ್ಯಾಟು, ಸ್ಟಂಪು ಕೈಯಲ್ಲೇ ಇರುತ್ತವೆ.

ಸಿನಿಮಾ ನೋಡಿ ಹುಡುಗರು ಕೆಡುತ್ತಾರೆ ಎಂಬ ಹಳೇ ಪುರಾಣ ಹೇಳಲು ನಾನು ಹೊರಟಿಲ್ಲ. ನನ್ನ ತಕರಾರು ಉಲ್ಟಾ: ಅವರು ಸಿನಿಮಾ ನೋಡಿಯೇ ಇಲ್ಲ. ಆ ಕುಣಿತದ ನಂತರವೂ ಸಿನಿಮಾ ಮುಂದುವರಿಯುತ್ತದೆ. ಮೈದಾನದಲ್ಲಿ ಚಿಕ್ಕ ಹುಡುಗರ ಜೊತೆ ಕ್ರಿಕೆಟ್ ಆಡುವ ಶಿವ ಇದ್ದಾನೆ, ಆ ಹುಡುಗರು ಅವನನ್ನು ಕಣ್ಣು ಬಿಟ್ಟು ನೋಡುವುದು ಇದೆ. ಅವರು ನೋಡಿ ಕಲಿತದ್ದು ಏನು ಎನ್ನುವ ಪ್ರಶ್ನೆಯನ್ನು ನಿರ್ದೇಶಕರು ಮರೆತಿಲ್ಲ. ಗೆಳೆತನಕ್ಕೆ ಬಿರುಕು ಬೀಳುವುದು ಇದೆ, ಸೇಡು ಯಾರ ಕಡೆಗೆ ತಿರುಗುತ್ತದೆ ಎನ್ನುವುದು ಇದೆ. ಸುಮಾರು ಎರಡೂವರೆ ಗಂಟೆಯ ಚಿತ್ರದಿಂದ ಅರ್ಧ ನಿಮಿಷ ತೆಗೆದರೆ ಅದು ಬೇರೆಯೇ ಚಿತ್ರ. ರಾಜ್ ಶೆಟ್ಟಿ ಮಾಡಿದ್ದಲ್ಲ.

ಸ್ಟೇಟಸ್ ಹಾಕಿದವರಲ್ಲಿ ಒಬ್ಬ ನಮ್ಮ ಎದುರುಮನೆಯವನು. ‘ಪೂರ್ತಿ ನೋಡಿದ್ಯಾ?’ ಅಂದೆ. ‘ಫೈಟ್ ಎಲ್ಲಾ ನೋಡಿದೀನಿ ಅಣ್ಣ’ ಅಂದ. ಫೈಟ್ ಇರುವ ಜಾಗಕ್ಕೆ ಬೆರಳಲ್ಲಿ ಎಳೆದುಕೊಂಡು ಹೋಗಿ ನೋಡಿದ್ದನಂತೆ. ಕಳೆದ ವಾರ ಮನೆಗೆ ಕರೆದು ಮೊದಲಿಂದ ಹಾಕಿದೆ. ಮೊಬೈಲ್ ಅಮ್ಮನ ಕೈಗೆ ಕೊಡಿಸಿದೆ. ಬ್ರಹ್ಮಯ್ಯನ ಭಾಗಕ್ಕೆ ಅವನು ಸ್ವಲ್ಪ ಆಕಳಿಸಿದ. ಕುಣಿತ ಬಂದಾಗ ಕಾಲು ಅಲುಗಾಡಿತು, ಸಹಜ, ನನ್ನದೂ ಅಲುಗಾಡಿತು. ಆದರೆ ಅದು ಮುಗಿದ ಮೇಲೆ ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಒಮ್ಮೆ ಮಾತ್ರ ‘ಅಣ್ಣ, ಹರಿ ಯಾಕೆ ಇವನ ಜೊತೆ ಮಾತು ಕಡಿಮೆ ಮಾಡ್ದ?’ ಅಂದ. ‘ನೋಡು’ ಅಂದೆ. ಇನ್ನೂ ಒಂದು ಗಂಟೆ ಇರುವಾಗ ಟ್ಯೂಷನ್‌ಗೆ ಹೊತ್ತಾಯಿತೆಂದು ಅವನ ತಾಯಿ ಗೇಟಿನ ಹತ್ತಿರ ಬಂದು ಕೂಗಿದರು.

ಉಳಿದದ್ದನ್ನು ನೋಡಲು ಈ ಭಾನುವಾರ ಬರುತ್ತೇನೆ ಎಂದಿದ್ದಾನೆ. ವಾರಾಂತ್ಯದ ಕರ್ಫ್ಯೂ 21ನೇ ತಾರೀಖಿಗೇ ತೆಗೆದಿದ್ದಾರೆ, ಮೈದಾನದಲ್ಲಿ ಮ್ಯಾಚ್ ಕೂಡ ಭಾನುವಾರವೇ. ಸಿನಿಮಾವನ್ನು ಅವನು ಬಿಟ್ಟ ಜಾಗದಲ್ಲೇ ನಿಲ್ಲಿಸಿಟ್ಟಿದ್ದೇನೆ. ನೀವು ನೋಡುವುದಾದರೆ ರಾತ್ರಿ ನೋಡಿ, ದೀಪ ಆರಿಸಿ, ಮೊಬೈಲಲ್ಲಿ ಬೇಡ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಎಬ್ಬಿಸಿ ಕೂರಿಸಿಕೊಳ್ಳಿ.